ಹಳ್ಳದ ಸೇತುವೆಯ ಅಳತೆಗೋಲು

ನಾನು ಒಂದು ತೇಗದ ಅಳತೆಗೋಲು. ಒಂದರೊಳಗೊಂದು ಅಡಗಿದ ಮೂರು ತುಂಡು ನನಗೆ. ಎಳೆದರೆ ಎರಡಾಳೆತ್ತರ, ಒಳಗೆ ತಳ್ಳಿದರೆ ಮನುಷ್ಯನ ಹೆಗಲಿನಷ್ಟು. ಎಳೆದದ್ದು ಜಾರದಂತೆ ಹಿತ್ತಾಳೆಯ ಚಿಲಕ. ಬಡಗಿ ಮೈ ಉಜ್ಜಿದ, ಬಣ್ಣದವನು ಕಪ್ಪು ಕೆಂಪು ಗೆರೆ ಬರೆದ. ನಾನಿಲ್ಲದೆ ಯಾವ ರಸ್ತೆಯೂ ಆಗದು ಎಂಬ ಜಂಬ ಅಂದೇ ಹತ್ತಿತು.

ಮೊದಲು ಕಾಲುವೆ ಕೆಲಸದವರ ಕೈಗೆ ಸಿಕ್ಕೆ. ಅವರು ನನ್ನ ಮೇಲೆ ಒದ್ದೆ ಬಟ್ಟೆ ಹರವಿದರು, ನನ್ನಿಂದಲೇ ಹಾವು ಓಡಿಸಿದರು. ಹುಬ್ಬಳ್ಳಿಯ ಹೊರವಲಯದಲ್ಲಿ ಹೊಸ ರಸ್ತೆ ಶುರುವಾದಾಗ ಕೋಲು ಹಿಡಿಯುವ ಇಮಾಮಸಾಬ ನದಾಫರ ಪಾಲಾದೆ. ಅರವತ್ತರ ಹತ್ತಿರದ ಮನುಷ್ಯ. ಎಲ್ಲಿ ನಿಲ್ಲಿಸುವುದಿದ್ದರೂ ಮೊದಲು ಹೆಗಲ ಟವೆಲ್ಲಿನಿಂದ ನನ್ನ ಪಾದ ಒರೆಸುವರು. ಕೆಸರಂಟಿದ್ದರೆ ಅಳತೆ ಕೆಡುತ್ತದಲ್ಲ. ನನಗೆ ಕಣ್ಣೀರು ಬರುವಂತಿದ್ದರೆ ಅಂದು ಬಂದೇ ಬಿಡುತ್ತಿತ್ತು.

ಇಂಜಿನಿಯರ್ ಸುಮಿತ್ರಾ ಹೊಸಮನಿ ದೂರದಿಂದ ದುರ್ಬೀನಿನಲ್ಲಿ ನನ್ನ ಗೆರೆ ಓದಿ ಬರೆದುಕೊಳ್ಳುತ್ತಿದ್ದರು. ಹೀಗೆ ಎರಡು ಸಣ್ಣ ಸೇತುವೆ ಮುಗಿದವು. ಮೂರನೆಯದು ಹಳ್ಳದ ಮೇಲಿನ ದೊಡ್ಡ ಸೇತುವೆ.

ಎರಡೂ ದಂಡೆಯ ಕಂಬಗಳ ತಲೆಗೆ ಮರುದಿನ ಕಾಂಕ್ರೀಟ್ ಹಾಕಬೇಕು. ಮೇಡಂ ಬೇರೊಂದು ಕೋಲು ತರಿಸಿ ಕೊನೆಯ ಸಲ ಅಳೆದರೆ, ಪಡುವಣ ಕಂಬಕ್ಕೆ ಕಾಂಕ್ರೀಟ್ ಸುರಿಯಲು ಕಟ್ಟಿದ ಹಲಗೆಯ ಅಚ್ಚು ಒಂದು ಬೆರಳು ಎತ್ತರ! ಹಾಗೇ ಬಿಟ್ಟರೆ ಮೇಲಿನ ತೊಲೆ ಸಮನಾಗಿ ಕೂರುವುದಿಲ್ಲ.

"ಇವರ ಕೈ ನಡಗ್ತಾವ್ರಿ ಮೇಡಂ, ಕೋಲು ವಾಲೇತಿ. ಬ್ಯಾರೆಯವ್ರನ್ನ ಹಚ್ರಿ," ಎಂದ ಮೇಸ್ತ್ರಿ ಗುರುಪಾದ.

ಇಮಾಮಸಾಬರ ಮುಖ ಸಣ್ಣದಾಯಿತು. ಕೈ ನಡುಗುತ್ತದೆಂಬ ಮಾತು ಒಮ್ಮೆ ಹಬ್ಬಿದರೆ ಕೋಲು ಹಿಡಿಯುವವನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಅವರು ನನ್ನ ನಡುವಿನ ತುಂಡನ್ನು ಎಳೆದರು. ಚಿಲಕ ಟಕ್ ಎಂದಿತು. ಮೇಲಿನಿಂದ ಅಂಗೈಯಿಟ್ಟು ಒತ್ತಿದರು. ನಾನು ಒಂದು ಬೆರಳು ಕುಸಿದೆ.

ಸವೆದದ್ದು ನನ್ನ ಚಿಲಕ. ಪಡುವಣ ದಂಡೆ ಅಳೆಯುವಾಗ ದುರ್ಬೀನು ದಿಬ್ಬದ ಮೇಲಿತ್ತು, ಅದರ ನೋಟದ ಎತ್ತರ ಮುಟ್ಟಲು ಅಲ್ಲಿ ಮಾತ್ರ ನನ್ನ ನಡುವಿನ ತುಂಡು ಬೇಕಾಗಿತ್ತು. ನಾಚಿಕೆಯಿಂದ ಸತ್ತೇ ಹೋದೆ.

"ನಿಮ್ಮ ಕೈ ನಡಗಿಲ್ಲ ಬಿಡ್ರಿ ಇಮಾಮಸಾಬ್ರ, ತಪ್ಪು ಕೋಲಿಂದು," ಎಂದರು ಮೇಡಂ.

"ಕೋಲಿಗೇನ್ ಗೊತ್ತಾಕ್ಕೈತ್ರಿ? ದಿನಾ ಮುಂಜಾನೆ ಚಿಲಕಾ ಒತ್ತಿ ನೋಡೋದು ನನ್ನ ಕೆಲಸ. ಪಾದ ಒರಸಿದೆ, ಇದನ್ನ ನೋಡಲಿಲ್ಲ. ತಪ್ಪು ನಂದರಿ."

ಬಚಾವಾದ ಮನುಷ್ಯ ತಾನಾಗಿಯೇ ತಪ್ಪನ್ನು ತಲೆ ಮೇಲೆ ಹಾಕಿಕೊಂಡದ್ದನ್ನು ನಾನು ಅಂದೇ ಕಂಡದ್ದು. "ಹೊಸಾ ಕೋಲೂ ನೀವ ಹಿಡೀರಿ," ಎಂದರು ಮೇಡಂ. ಅಚ್ಚನ್ನು ಅವತ್ತೇ ಒಂದು ಬೆರಳು ತಗ್ಗಿಸಿದರು.

ಗುರುಪಾದ ನನ್ನನ್ನು ಚಹಾದ ಒಲೆಗೆ ಹಾಕಲು ಹೊರಟ. "ಕೆಳಗಿನ ತುಂಡು ಎಂದೂ ಸುಳ್ಳು ಹೇಳಿಲ್ಲೋ ಮಾರಾಯಾ," ಎಂದು ಇಮಾಮಸಾಬರು ಕಿತ್ತುಕೊಂಡರು. ಸೇತುವೆ ಮುಗಿದಾಗ ಮೇಡಂಗೆ ಹೇಳಿ, ಆ ತುಂಡನ್ನು ಹಳ್ಳದ ಕಂಬಕ್ಕೆ ಬಿಗಿಸಿದರು, ನೀರು ಎಷ್ಟು ಏರಿತೆಂದು ತೋರಿಸಲು.

ಈಗ ನೆತ್ತಿಯ ಮೇಲೆ ಬಸ್ಸು, ಶಾಲೆಯ ವ್ಯಾನು ಕುಲುಕದೆ ಓಡುತ್ತವೆ. ನಾನು ಒಂದೇ ತುಂಡಾಗಿ, ಹಾಯಾಗಿ ನಿಂತಿದ್ದೇನೆ. ಮಳೆ ನಿಂತ ಮೇಲೆ ಇಮಾಮಸಾಬರು ಇಳಿದು ಬರುತ್ತಾರೆ, ಟವೆಲ್ಲಿನಿಂದ ನನ್ನ ಗೆರೆಗಳ ಕೆಸರು ಒರೆಸುತ್ತಾರೆ. ಪಾದ ನೀರಿನಡಿ ಇದೆ, ಅವರ ಕೈಗೆ ಸಿಗದು. ಹೋಗುವ ಮುನ್ನ ಮೇಲಿನಿಂದ ಅಂಗೈಯಿಟ್ಟು ಒಮ್ಮೆ ಒತ್ತಿ ನೋಡುತ್ತಾರೆ.

ನಾನು ಕುಸಿಯುವುದಿಲ್ಲ.