ನಾಲ್ಕು ನಿಮಿಷದ ರೊಟ್ಟಿ

2019ರ ಮೇ 14, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ವಿದ್ಯಾರ್ಥಿನಿ ಗ್ವಾಂತ್ಸಾ ಭಾಷಣದ ಪರೀಕ್ಷೆಗೆ ಮೈಕಿನ ಮುಂದೆ ಎದ್ದು ನಿಂತಳು. ಹತ್ತು ಇಪ್ಪತ್ತನಾಲ್ಕಕ್ಕೆ ಕೆಂಪು ದೀಪ ಹೊತ್ತಿಕೊಂಡು ಮೈಕು ತಾನಾಗಿಯೇ ಬಂದ್ ಆಯಿತು. ಅವಳು ಅದನ್ನು ಗಮನಿಸಲೇ ಇಲ್ಲ. ಹತ್ತು ಇಪ್ಪತ್ತೊಂಬತ್ತು ದಾಟಿ ಆರು ಸೆಕೆಂಡಿಗೆ, ಕೈಯಲ್ಲಿದ್ದ ನೀರಿನ ಲೋಟವನ್ನು ತುಸು ಮೇಲೆತ್ತಿ, ಮಾತು ಮುಗಿಸಿ ಕುಳಿತಳು. ನಾನು ಹಾಳೆಯಲ್ಲಿ 'ಒಂಬತ್ತು ನಿಮಿಷ ಆರು ಸೆಕೆಂಡ್, ನಪಾಸು' ಎಂದು ಬರೆದೆ. ಅವಳಿಗೆ ಚೀಟಿಯಲ್ಲಿ ಬಂದಿದ್ದ ವಿಷಯ 'ಉಪ್ಪು'. ಉಪ್ಪಿನ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆದರೂ ಅಂಕಿ ಅಂಕಿಯೇ.

ನಾನು ಓದಿದ್ದು ಭೌತಶಾಸ್ತ್ರ. ಕುತಾಯಿಸಿ ನಗರದ ವಿಶ್ವವಿದ್ಯಾಲಯದ ಸಂವಹನ ಮತ್ತು ಮಾಧ್ಯಮ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಧ್ವನಿಮುದ್ರಣ ಕೋಣೆ ನೋಡಿಕೊಳ್ಳುತ್ತೇನೆ. ಭಾಷಣದ ಪರೀಕ್ಷೆಗೆ ಗಡಿಯಾರ ಹಿಡಿಯುವುದೂ ನನ್ನ ಕೆಲಸ. ಪರೀಕ್ಷೆಯ ನಿಯಮ ಸರಳ: ನಾಲ್ಕು ನಿಮಿಷ ಮೀರಿದವರು ಫೇಲು. ಎದ್ದಾಗ ಗಡಿಯಾರ ಶುರು, ಕುಳಿತಾಗ ನಿಲ್ಲುತ್ತದೆ. ಈ ಕೊನೆಯ ಸಾಲನ್ನು ಸೇರಿಸಿದವಳು ನಾನೇ. ನಮ್ಮ ಹುಡುಗರು 'ಇಲ್ಲಿಗೆ ಮುಗಿಸುತ್ತೇನೆ' ಎಂದು ಹೇಳಿದ ಮೇಲೂ ನಾಲ್ಕಾರು ನಿಮಿಷ ಆರಾಮವಾಗಿ ಮಾತಾಡುತ್ತಾರೆ, ಅದಕ್ಕೆ.

ಆ ವರ್ಷ ಪರೀಕ್ಷೆಗೆ ಇನ್ನೊಂದು ತೂಕವೂ ಇತ್ತು. ಊರಿನ ರೇಡಿಯೋದಲ್ಲಿ ಬೆಳಗಿನ ಎಂಟು ಗಂಟೆಯ ವಾರ್ತೆ ಓದುವ ಕೆಲಸ ಖಾಲಿಯಾಗಿತ್ತು. ಅಲ್ಲಿನ ಸುದ್ದಿ ಸಂಪಾದಕ ಓತಿಯಾ ಅವರೇ ನಮ್ಮ ಪರೀಕ್ಷಕರು. ಗ್ವಾಂತ್ಸಾಳ ದನಿಯನ್ನು ಅವರು ಮೆಚ್ಚಿದ್ದರು. ಆದರೆ ವಾರ್ತೆಯ ಉದ್ದವೂ ನಾಲ್ಕೇ ನಿಮಿಷ. ಎಂಟು ನಾಲ್ಕಕ್ಕೆ ಸರಿಯಾಗಿ ಹವಾಮಾನದವರಿಗೆ ಮಾತು ಬಿಟ್ಟುಕೊಡಬೇಕು. ಅವಳು ಮೊದಲ ಸಲ ಎಂಟೂವರೆ ನಿಮಿಷ ತೆಗೆದುಕೊಂಡಿದ್ದಳು, ಈಗ ಒಂಬತ್ತು. ಉಳಿದಿದ್ದು ಜೂನ್ 4ರ ಮೂರನೆಯ ಅವಕಾಶ. ಅದೂ ತಪ್ಪಿದರೆ ಕೆಲಸ ಇಮೇದಾ ಎಂಬ ಸಹಪಾಠಿಗೆ ಹೋಗುತ್ತಿತ್ತು. ಇಮೇದಾ ಪ್ರತಿ ಸಲವೂ ಮೂರು ನಿಮಿಷ ಐವತ್ತೊಂಬತ್ತು ಸೆಕೆಂಡಿಗೆ ಮುಗಿಸುತ್ತಾನೆ. ಅವನು ಏನು ಹೇಳಿದನೆಂಬುದು ಐದನೆಯ ನಿಮಿಷದಲ್ಲಿ ಯಾರಿಗೂ ನೆನಪಿರುವುದಿಲ್ಲ.

ಗ್ವಾಂತ್ಸಾ ನನ್ನ ಕೋಣೆಗೆ ಬಂದು ಕುಳಿತಳು. ನಾವು ಅವಳ ಭಾಷಣ ಬರೆದು ನೋಡಿದೆವು, ಕತ್ತರಿಸಿದೆವು, ಮತ್ತೆ ಕತ್ತರಿಸಿದೆವು. ಕಾಗದದಲ್ಲಿ ಮೂರು ನಿಮಿಷವಿದ್ದದ್ದು ಬಾಯಲ್ಲಿ ಏಳಾಗುತ್ತಿತ್ತು. ಎದುರಿಗೆ ದೊಡ್ಡ ಗಡಿಯಾರ ಇಟ್ಟೆ. ಅವಳು ಅದರ ಬಗ್ಗೆಯೇ ಎರಡು ಒಳ್ಳೆಯ ಮಾತು ಸೇರಿಸಿದಳು.

"ನಿಲ್ಸೋಕೆ ನಾಚಿಕೆ ಆಗತ್ತೆ ಮೇಡಂ," ಎಂದಳು. "ಉಪ್ಪು ತೆಗೆಯೋರ ಹೆಸರು ಹೇಳಿ, ಹೊತ್ತು ತರೋರನ್ನ ಬಿಟ್ರೆ ಅವರಿಗೆ ಬೇಜಾರಾಗಲ್ವಾ? ಅವರನ್ನ ಹೇಳಿದ್ಮೇಲೆ ಅವರ ಮನೆಯೋರನ್ನ ಬಿಡೋದು ಹೇಗೆ?"

ಇದು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಅವಳ ತಂದೆ ಜುಂಬೆರ್ ತಮ್ಮ ಊರಿನ ಸುತ್ತಲ ಏಳೆಂಟು ಹಳ್ಳಿಗಳಿಗೆ ಬೇಕಾದ ತಮದಾ. ಔತಣದ ಮೇಜಿನಲ್ಲಿ ಒಂದೊಂದು ಸುತ್ತು ದ್ರಾಕ್ಷಾರಸಕ್ಕೂ ಮೊದಲು ಎದ್ದು ಹಾರೈಕೆಯ ಮಾತಾಡುವವರು ಅವರೇ. ಅವರ ಮಾತು ಮುಗಿಯದೆ ಯಾರೂ ಲೋಟಕ್ಕೆ ತುಟಿ ಹಚ್ಚುವುದಿಲ್ಲ. ಮುಂದಿನ ಭಾನುವಾರ ಊಟಕ್ಕೆ ಬನ್ನಿ ಎಂದು ಅವರೇ ನನ್ನನ್ನು ಕರೆದಿದ್ದರು, ಮಗಳ ವಿಷಯ ಮಾತಾಡಬೇಕೆಂದು. ನಾನು ಹೋದೆ. ಕೋಟಿನ ಜೇಬಿನಲ್ಲಿ ಗಡಿಯಾರವೂ ಬಂತು.

ದ್ರಾಕ್ಷಿಯ ಚಪ್ಪರದ ಕೆಳಗೆ ಹನ್ನೊಂದು ಜನ ಕುಳಿತಿದ್ದೆವು. ಒಂದೂವರೆ ಗಂಟೆಗೆ ಮೊದಲ ಹಾರೈಕೆ ಶಾಂತಿಗೆ, ಏಳು ನಿಮಿಷ ಇಪ್ಪತ್ತು ಸೆಕೆಂಡ್. ಎರಡನೆಯದು ಮನೆಗೆ ಬಂದ ಅತಿಥಿಗೆ, ಅಂದರೆ ನನಗೆ, ಎಂಟು ನಿಮಿಷ. ನನ್ನ ಮುತ್ತಜ್ಜನವರೆಗೂ ಹೋಗಿಬಂದರು. ಆತನ ಬಗ್ಗೆ ನನಗೆ ತಿಳಿದದ್ದಕ್ಕಿಂತ ಹೆಚ್ಚೇ ಹೇಳಿದರು. ಮೂರನೆಯದು ಗುರುಗಳಿಗೆ. ಅದರ ಕೊನೆಯಲ್ಲಿ ಲೋಟವನ್ನು ನನ್ನ ಕಡೆ ಚಾಚಿ, "ಅಲಾವೆರ್ದಿ, ಲಾಮಾರಾ ಅವರಿಗೆ," ಎಂದುಬಿಟ್ಟರು. ತಮದಾ ಹಾಗೆ ಮಾತು ದಾಟಿಸಿದರೆ, ಹೆಸರು ಕರೆಸಿಕೊಂಡವರು ಎದ್ದು ಅದೇ ಹಾರೈಕೆಯನ್ನು ಮುಂದುವರಿಸಲೇಬೇಕು. ಅವರ ಮಾತು ಮುಗಿಯುವವರೆಗೆ ದಾಟಿಸಿದವರು ಕೂರುವಂತಿಲ್ಲ. ನಾನು ಎದ್ದೆ. ನನ್ನದು ನಲವತ್ತೊಂದು ಸೆಕೆಂಡ್. ಪಕ್ಕದಲ್ಲಿದ್ದ ಮುದುಕಿಯೊಬ್ಬರು ನನ್ನ ತಟ್ಟೆಗೆ ಇನ್ನಷ್ಟು ಕೋಳಿ ಬಡಿಸಿ, ಮೈಯಲ್ಲಿ ಹುಷಾರಿಲ್ಲವೇ ಎಂದು ಮೆಲ್ಲನೆ ವಿಚಾರಿಸಿದರು.

ನಾಲ್ಕನೆಯ ಹಾರೈಕೆಯಲ್ಲಿ ನನ್ನ ಕಣ್ಣು ಗಡಿಯಾರದ ಮೇಲೆ ನಿಂತಿತು. ಮೂರು ನಿಮಿಷ ಐವತ್ತೈದು ಸೆಕೆಂಡ್. ಐದು, ಆರು ಮತ್ತೆ ಏಳೆಂಟು ನಿಮಿಷ. ಏಳನೆಯದು ಮೂರು ನಿಮಿಷ ನಲವತ್ತೆಂಟು. ಒಂಬತ್ತು ಹಾರೈಕೆಗಳಲ್ಲಿ ಮೂರು ಮಾತ್ರ ನಾಲ್ಕು ನಿಮಿಷದೊಳಗೆ ಮುಗಿದಿದ್ದವು. ವಿಷಯಕ್ಕೂ ಉದ್ದಕ್ಕೂ ಸಂಬಂಧವಿರಲಿಲ್ಲ. ಕುಡಿದ ಪ್ರಮಾಣಕ್ಕೂ ಇರಲಿಲ್ಲ. ಕಾಗದದ ಕರವಸ್ತ್ರದ ಮೇಲೆ ಅಂಕಿಗಳನ್ನು ಬರೆದುಕೊಂಡು ಕುಳಿತಿದ್ದಾಗ ಉತ್ತರ ನನ್ನ ಮುಂದೆಯೇ ಬಂದು ಕೂತಿತು: ಬಿಸಿ ಬಿಸಿ ಖಾಚಾಪುರಿ, ಒಳಗೆ ಚೀಸ್ ತುಂಬಿ ಸುಟ್ಟ ದುಂಡು ರೊಟ್ಟಿ. ಆ ಮೂರು ಸಲವೂ, ಮಾತು ಶುರುವಾಗುತ್ತಿದ್ದಂತೆ, ಗ್ವಾಂತ್ಸಾಳ ತಾಯಿ ತ್ಸಿತ್ಸಿನೊ ಒಲೆಯಿಂದ ಇಳಿಸಿದ ರೊಟ್ಟಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಹಾರೈಕೆಯ ನಡುವೆ ಬಡಿಸುವಂತಿಲ್ಲ. ಆದ್ದರಿಂದ ಸುಮ್ಮನೆ ನಿಂತಿದ್ದರು, ಅಷ್ಟೆ. ಜುಂಬೆರ್ ಅವರ ಕಣ್ಣು ಹಬೆಯ ಮೇಲೆ ಬೀಳುತ್ತಿತ್ತು. ಮಾತು ತಾನಾಗಿ ಮನೆಯ ದಾರಿ ಹಿಡಿಯುತ್ತಿತ್ತು.

ಅಡುಗೆಮನೆಗೆ ಹೋಗಿ ನನ್ನ ಅಂಕಿಗಳನ್ನು ತ್ಸಿತ್ಸಿನೊ ಅವರಿಗೆ ತೋರಿಸಿದೆ. ಅವರು ಕೈ ಒರೆಸಿಕೊಂಡು ಬಾಗಿಲು ಮುಚ್ಚಿದರು.

"ಮೂವತ್ತು ವರ್ಷದಿಂದ ಹೀಗೇ ನಡೆಸ್ಕೊಂಡು ಬಂದಿದೀನಿ," ಎಂದರು. "ನಾಲ್ಕು ನಿಮಿಷ ಆದ್ರೆ ಚೀಸ್ ಗಟ್ಟಿಯಾಗತ್ತೆ, ಎಳೆ ಬರಲ್ಲ. ಅದು ಅವರಿಗೂ ಗೊತ್ತು. ತಾನು ಚುಟುಕಾಗಿ ಮುಗಿಸ್ತಿದೀನಿ ಅನ್ನೋದು ಮಾತ್ರ ಗೊತ್ತಿಲ್ಲ. ನೀವು ಹೇಳ್ಬೇಡಿ ಮತ್ತೆ."

ನಾನು ಹೇಳಲಿಲ್ಲ. ಆದರೆ ವಾಪಸು ಬರುವ ಬಸ್ಸಿನಲ್ಲಿ ಯೋಚಿಸಿದೆ. ಎಷ್ಟು ಹೊತ್ತು ಕಳೆಯಿತೆಂದು ಗಡಿಯಾರ ಹೇಳುತ್ತದೆ. ಕಾಯುತ್ತಿರುವವರು ಏನು ಕಳೆದುಕೊಳ್ಳುತ್ತಾರೆಂದು ಹೇಳುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ನಾನು ಮಕ್ಕಳ ಮುಂದೆ ಬರೀ ಅಂಕಿ ಹಿಡಿದು ನಿಂತಿದ್ದೆ. ಯಾರಿಗೂ ಬೇಜಾರಾಗಬಾರದೆಂದು ಮಾತು ಬೆಳೆಸುವ ಹುಡುಗಿಗೆ ಅಂಕಿಯಿಂದ ಏನು ಪ್ರಯೋಜನ?

ಮರುದಿನ ಓತಿಯಾ ಅವರಿಗೆ ಫೋನು ಮಾಡಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಗಡಿಯಾರ ನೋಡುವುದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ. ಗಾಜಿನಾಚೆ, ನನ್ನ ಕೋಣೆಯಲ್ಲಿ, ಅಭ್ಯರ್ಥಿಯ ತಾಯಿ ರೊಟ್ಟಿ ಹಿಡಿದು ನಿಂತರೆ ಅಡ್ಡಿಯಿದೆಯೇ ಎಂದು ಕೇಳಿದೆ. ಅವರು, ರೊಟ್ಟಿ ನಮ್ಮ ಇಮೆರೆತಿ ಕಡೆಯದ್ದೋ ಅಥವಾ ಮೇಲೆ ಮೊಟ್ಟೆ ಒಡೆದು ಹಾಕುವ ಸಮುದ್ರದ ಕಡೆಯದ್ದೋ ಎಂದು ವಿಚಾರಿಸಿದರು. ಇಮೆರೆತಿಯದ್ದೇ ಎಂದೆ. ಅಡ್ಡಿಯಿಲ್ಲ ಎಂದರು.

ಜೂನ್ 4ರಂದು ಕ್ಯಾಂಟೀನಿನ ಒಲೆಯನ್ನು ಬೆಳಿಗ್ಗೆಯಿಂದಲೇ ತ್ಸಿತ್ಸಿನೊ ವಶಕ್ಕೆ ತೆಗೆದುಕೊಂಡಿದ್ದರು. ಹನ್ನೊಂದು ಗಂಟೆಗೆ ಗ್ವಾಂತ್ಸಾ ಚೀಟಿ ಎತ್ತಿದಳು. ವಿಷಯ 'ಬಾಗಿಲು'. ಓತಿಯಾ ಮೈಕಿನ ಎದುರಿನ ಕುರ್ಚಿಯಲ್ಲಿ ಪೆನ್ನು ಹಿಡಿದು ಕುಳಿತಿದ್ದರು. ಅವಳು ಎದ್ದಳು, ನಾನು ಗಡಿಯಾರ ಒತ್ತಿದೆ. ತ್ಸಿತ್ಸಿನೊ ಹಬೆಯಾಡುವ ತಟ್ಟೆ ಹಿಡಿದು ಗಾಜಿನ ಹತ್ತಿರ ಬಂದು ನಿಂತರು.

ತನ್ನ ಮನೆಯ ಬಾಗಿಲಿನ ಎತ್ತರ ತಂದೆಯ ಎತ್ತರಕ್ಕಿಂತ ಎರಡು ಬೆರಳು ಕಡಿಮೆ ಎಂದು ಅವಳು ಶುರು ಮಾಡಿದಳು. ಅಜ್ಜ ಬೇಕೆಂದೇ ಹಾಗೆ ಮಾಡಿಸಿದ್ದನಂತೆ, ಊರಿಗೆಲ್ಲ ಮಾತಾಡುವ ಮಗ ಮನೆಗೆ ಬರುವಾಗ ತಲೆ ಬಾಗಿಸಲಿ ಎಂದು. ಎರಡು ನಿಮಿಷಕ್ಕೆ ಬಡಗಿಯ ಕಡೆ ಹೊರಟಳು. ಬಡಗಿಯ ಹಿಂದೆ ಮರ ಕಡಿದವರು, ಅವರ ಹಿಂದೆ ಅವರ ಮನೆಯವರು ಬರುವುದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಅವಳ ಕಣ್ಣು ಗಾಜಿನಾಚೆಗೆ ಬಂತು. ಹಬೆ ತೆಳ್ಳಗಾಗುತ್ತಿತ್ತು. ಬಡಗಿಯನ್ನು ಅಲ್ಲೇ ಬಿಟ್ಟು ಅವಳು ನೇರ ಹೊಸ್ತಿಲಿಗೆ ಬಂದಳು. "ಬಾಗಿಲಲ್ಲಿ ಒಬ್ಬರು ಕಾಯ್ತಾ ನಿಂತಿರ್ತಾರೆ. ಒಳಗಿರೋರ ಮಾತಿಗೆ ಅಳತೆ ಬರೋದು ಅವರಿಂದ." ಮೂರು ನಿಮಿಷ ನಲವತ್ತೇಳು ಸೆಕೆಂಡ್. ತ್ಸಿತ್ಸಿನೊ ನನ್ನ ತೋಳು ಹಿಡಿದುಕೊಂಡರು. ಇನ್ನು ಅವಳು ಕುಳಿತರೆ ಸಾಕಿತ್ತು.

ಅವಳು ಕೂರಲಿಲ್ಲ. ಕೈಯಲ್ಲಿದ್ದ ನೀರಿನ ಲೋಟ ಮೇಲಕ್ಕೆ ಹೋಯಿತು, ಚಾಚಿಕೊಂಡಿತು. "ಅಲಾವೆರ್ದಿ, ಓತಿಯಾ ಅವರಿಗೆ."

ಒಳ್ಳೆಯ ಮಾತು ಮುಗಿಸಿದ ಸಂತೋಷಕ್ಕೆ ಬಾಯಿ ತಪ್ಪಿ ಬಂದದ್ದು ಅದು. ಓತಿಯಾ ನಕ್ಕು ತಲೆಯಾಡಿಸಿದ್ದರೂ ಆಗುತ್ತಿತ್ತು. ಆದರೆ ಅವರೂ ನಮ್ಮವರೇ. ಪೆನ್ನು ಕೆಳಗಿಟ್ಟರು, ಎದ್ದರು, ತಮ್ಮ ನೀರಿನ ಲೋಟ ಎತ್ತಿಕೊಂಡರು. "ಬಾಗಿಲು ಅಂದ್ರೆ ನನ್ನ ಅಜ್ಜಿ..." ಎನ್ನುವಷ್ಟರಲ್ಲಿ ನಾಲ್ಕು ನಿಮಿಷವಾಗಿ ಕೆಂಪು ದೀಪ ಹೊತ್ತಿತು, ಮೈಕು ಬಂದ್ ಆಯಿತು.

ಆಮೇಲಿನದು ನನಗೆ ಕೇಳಿಸಲಿಲ್ಲ. ಗಾಜಿನಾಚೆ ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಗ್ವಾಂತ್ಸಾ ಲೋಟ ಹಿಡಿದು ನಿಂತೇ ಇದ್ದಳು. ದಾಟಿಸಿದವಳು ಕೂರುವುದು ಹೇಗೆ? ಗಡಿಯಾರ ಓಡುತ್ತಿತ್ತು. ತ್ಸಿತ್ಸಿನೊಗೆ ಮಾತ್ರ ದನಿಯ ಅಗತ್ಯವಿರಲಿಲ್ಲ. ಈಗ ಅಜ್ಜಿ ಸತ್ತರು, ಈಗ ಯುದ್ಧಕ್ಕೆ ಹೋದ ಮಾವ ವಾಪಸು ಬಂದ, ಈಗ ದ್ರಾಕ್ಷಿತೋಟ ಎಂದು ಕೈಯ ಆಟ ನೋಡಿಯೇ ಹೇಳುತ್ತಾ ಹೋದರು. ಗಾಜನ್ನು ಎರಡು ಸಲ ತಟ್ಟಿ, ತಟ್ಟೆಯನ್ನು ಎತ್ತಿ ತೋರಿಸಿದರು. ಓತಿಯಾ ಅದಕ್ಕೂ ಲೋಟ ಎತ್ತಿದರು.

"ಇವರ ಮನೇಲಿ ಬಾಗಿಲಲ್ಲಿ ನಿಲ್ಲೋರು ಯಾರೂ ಇಲ್ವೇನೋ, ಪಾಪ," ಎಂದು ತ್ಸಿತ್ಸಿನೊ ತಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟರು.

ಕೊನೆಗೂ ಅವರು ಮುಗಿಸಿದರು, ಇಬ್ಬರೂ ನೀರು ಕುಡಿದರು, ಕುಳಿತರು. ನಾನು ಗಡಿಯಾರ ನಿಲ್ಲಿಸಿ ಹಾಳೆ ತೆಗೆದುಕೊಂಡು ಒಳಗೆ ಹೋದೆ. ಹದಿಮೂರು ನಿಮಿಷ ಐದು ಸೆಕೆಂಡ್ ಎಂದು ಓದಿದೆ. ಎದ್ದಾಗ ಶುರು, ಕುಳಿತಾಗ ನಿಲ್ಲುತ್ತದೆ ಎಂಬ ಸಾಲನ್ನೂ ಓದಿದೆ. ನಾನೇ ಬರೆದ ಸಾಲು ಬಾಯಲ್ಲಿ ಅಷ್ಟು ಕಹಿಯಾಗಿದ್ದದ್ದು ಅದೇ ಮೊದಲು. ಓತಿಯಾ ಅವರ ಮುಖ ಕಿವಿಯವರೆಗೆ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ನಿಯಮ ನಿಯಮವೇ, ತಮಗಾಗಿ ಬದಲಿಸಲಾಗದು ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಗ್ವಾಂತ್ಸಾ ತಾಯಿಯ ಕಡೆ ನೋಡಿದಳು, ಆಮೇಲೆ ಓತಿಯಾ ಅವರ ಕಡೆ ತಿರುಗಿದಳು. ಎದ್ದು ನಿಲ್ಲಲಿಲ್ಲ, ಕುಳಿತೇ ಕೇಳಿದಳು. "ಎಂಟು ನಾಲ್ಕಕ್ಕೆ ನಾನು ಹವಾಮಾನದವರಿಗೆ ಮಾತು ಬಿಟ್ಟುಕೊಟ್ರೆ, ಆಮೇಲಿನ ಹೊತ್ತು ಯಾರ ಲೆಕ್ಕಕ್ಕೆ ಸರ್?"

ಇಷ್ಟೇ. ಬೆರಳು ಅಭ್ಯಾಸಬಲದಿಂದ ಗಡಿಯಾರ ಒತ್ತಿತ್ತು: ಆರು ಸೆಕೆಂಡ್. ಅಲ್ಲಿಯವರೆಗಿನ ಅವಳ ಅತಿ ಚಿಕ್ಕ ಭಾಷಣ.

ಓತಿಯಾ ಹಾಳೆಯನ್ನು ನೋಡಿದರು, ಅವಳನ್ನು ನೋಡಿದರು, ನಗು ತಡೆಯಲಾಗಲಿಲ್ಲ. "ಹವಾಮಾನದವರ ಲೆಕ್ಕಕ್ಕೇ," ಎಂದರು. "ಲಾಮಾರಾ, ಮಾತು ದಾಟಿಸಿದ್ದು ಎಷ್ಟು ಹೊತ್ತಿಗೆ?"

ಅದು ಧ್ವನಿಮುದ್ರಣದಲ್ಲಿತ್ತು, ಮೈಕು ಬಂದ್ ಆಗುವ ಮೊದಲೇ. ಅದನ್ನು ಎರಡು ಸಲ ಹಾಕಿ ಕೇಳಿಸಿದೆ. ಓತಿಯಾ ಹಳೆಯ ಸಾಲಿನ ಕೆಳಗೆ 'ಅಥವಾ ಮಾತನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಾಗ' ಎಂದು ಸೇರಿಸಿ ಸಹಿ ಮಾಡಿದರು. ಪರೀಕ್ಷಕರಾಗಿ ಆ ಅಧಿಕಾರ ಅವರಿಗಿತ್ತು. ಆದರೆ ಒಂದು ಷರತ್ತು ಹಾಕಿದರು: ಲೆಕ್ಕ ಪೂರ್ತಿ ಇರಬೇಕು, ತಮ್ಮ ಹೊತ್ತನ್ನೂ ಬರೆಯಬೇಕು. ಬರೆದೆ. ಅಭ್ಯರ್ಥಿ: ಮೂರು ನಿಮಿಷ ಐವತ್ತೊಂದು ಸೆಕೆಂಡ್, ಪಾಸು. ಪರೀಕ್ಷಕರು: ಒಂಬತ್ತು ನಿಮಿಷ ಹದಿನಾಲ್ಕು ಸೆಕೆಂಡ್. ಅದರ ಮುಂದೆ ಏನು ಬರೆಯಲಿ ಎಂದು ಕೇಳಿದೆ. ಅವರು ಪೆನ್ನು ಕಸಿದುಕೊಂಡು ತಾವೇ 'ನಪಾಸು' ಎಂದು ಬರೆದರು. ಆಮೇಲೆ ನಾಲ್ವರೂ ರೊಟ್ಟಿ ಹರಿದು ತಿಂದೆವು. ಚೀಸ್ ಗಟ್ಟಿಯಾಗಿತ್ತು. ತ್ಸಿತ್ಸಿನೊ, "ತಿನ್ನಿ ಸರ್, ನಿಮ್ಮ ಅಜ್ಜಿ ದಯೆ," ಎಂದು ಅವರಿಗೆ ದೊಡ್ಡ ತುಂಡನ್ನೇ ಕೊಟ್ಟರು.

ಜುಲೈ 1, ಸೋಮವಾರ, ಬೆಳಿಗ್ಗೆ ಎಂಟಕ್ಕೆ ಗ್ವಾಂತ್ಸಾ ಮೊದಲ ವಾರ್ತೆ ಓದಿದಳು. ನಾನು ನನ್ನ ಕೋಣೆಯಲ್ಲಿ ಕೇಳುತ್ತಿದ್ದೆ. ಹವಾಮಾನದವರಿಗೆ ಮಾತು ಬಿಟ್ಟುಕೊಡುವಾಗ ಅವಳ ದನಿಯಲ್ಲಿ ನಗುವಿತ್ತು. ಎಂಟೂಕಾಲಿಗೆ ಜುಂಬೆರ್ ಫೋನು ಮಾಡಿದರು. ರೇಡಿಯೋ ಮುಂದೆ ಲೋಟ ಎತ್ತಿ ನಿಂತಿದ್ದರಂತೆ, ಲೋಟದಲ್ಲಿ ಚಹಾ ಮಾತ್ರ ಎಂದು ಆಣೆ ಮಾಡಿದರು. ಮಗಳು ಚೆನ್ನಾಗಿ ಓದಿದಳು, ಆದರೆ ಕೈ ನೋಯುವ ಮೊದಲೇ ಮುಗಿಸಿಬಿಟ್ಟಳು, ಹಾಗೆ ಅರ್ಧಕ್ಕೆ ನಿಲ್ಲಿಸುವುದನ್ನು ಯಾರಿಂದ ಕಲಿತಳೋ ಎಂದು ದೂರಿದರು. ಹಿಂದೆ ತ್ಸಿತ್ಸಿನೊ ಕೆಮ್ಮಿದ್ದು ಕೇಳಿಸಿತು. ನನಗೆ ಗೊತ್ತಿಲ್ಲ ಎಂದೆ. ಗೊತ್ತಿದ್ದದ್ದು ಗಡಿಯಾರದಲ್ಲಿತ್ತು: ಮೂರು ನಿಮಿಷ ಐವತ್ತೆಂಟು ಸೆಕೆಂಡ್.