ಗಜೇಂದ್ರಗಡದ ಇಳುಕಲು

ಕೆಂಪಿರುವೆ ಕಚ್ಚುತ್ತಿದೆ, ಬಲಗಾಲ ಹೆಬ್ಬೆರಳಿನ ಉಗುರ ಬುಡಕ್ಕೇ ಬಾಯಿ ಹಾಕಿ ಹಿಂಭಾಗ ಎತ್ತಿ ನಿಂತಿದೆ, ಕಚ್ಚುವುದು ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸುದ್ದಿಯೇ ಮುಟ್ಟಿಲ್ಲ — ಕಟ್ಟೆಯ ಮೇಲೆ ಕೂತ ಗುರುಸಂಗಪ್ಪ ಅದನ್ನು ಪರರ ಮನೆಗೆ ನುಗ್ಗಿದ ಕಳ್ಳನನ್ನು ನೋಡುವ ಹಾಗೆ ನೋಡುತ್ತಿದ್ದಾನೆ, ಒರೆಸಿ ಹಾಕಬೇಕು, ಬಗ್ಗಿದರೆ ಯಾಕ್ರಿ, ಏನ ಕಚ್ಚಿತು ಎಂದು ಹೆಂಡತಿ ಗೌರವ್ವ ಅಡುಗೆಮನೆಯಿಂದಲೇ ಕೇಳುತ್ತಾಳೆ, ಆ ಹೆಂಗಸಿಗೆ ಗೋಡೆಯಾಚೆಗೂ ಕಣ್ಣಿವೆ — ಅಜ್ಜಾ, ನಿಮ್ಮನ್ನss ಕೇಳಾಕತ್ತೀನಿ, ಮೊದಲ ನಮ್ಮ ನರಗುಂದ ಗುಡ್ಡಾ ಹತ್ತೂದೋ, ತಿರುಗಿ ಬಂದಮ್ಯಾಲೋ? ಕೇಳಿದವಳು ಮೊಮ್ಮಗಳು ದೇವಿಕಾ, ಹದಿನಾರರ ಹುಡುಗಿ, ಕಾಲೇಜಿನ ದಸರಾ ಸೂಟಿಗೆ ಹುಬ್ಬಳ್ಳಿಯಿಂದ ಬಂದವಳು, ನೆಲದ ಮೇಲೆ ಬೋರಲು ಬಿದ್ದು ನೋಟುಬುಕ್ಕಿನಲ್ಲಿ ನಾಳೆಯ ದಾರಿ ಬರೆಯುತ್ತಿದ್ದಾಳೆ, ನರಗುಂದ, ರೋಣ, ಸೂಡಿ, ಗಜೇಂದ್ರಗಡ, ಒಂದೊಂದು ಊರಿಗೆ ಒಂದೊಂದು ಚೌಕ, ಸೂಡಿಯ ಚೌಕದಲ್ಲಿ ಎರಡು ಕಳಸದ ಗುಡಿ, ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ನಾಗಕುಂಡ, ಗಜೇಂದ್ರಗಡದ ಹತ್ತಿರ ಗುಡ್ಡ, ಗುಡ್ಡದ ಮೇಲೆ ಗಾಳಿಗಿರಣಿ, ಗುಡ್ಡದಿಂದ ಕೆಳಕ್ಕೆ ಹಾವಿನ ಹಾಗೆ ಒಂದು ಗೆರೆ, ಅದು ರಸ್ತೆ, ಅದು ಇಳುಕಲು. ಅವಳ ತಮ್ಮ ಅನಿಲಕುಮಾರ ಫೋನಿನಿಂದ ತಲೆ ಎತ್ತದೆಯೇ, ಅಜ್ಜ ಗಾಡಿ ಹೊಡಿಯೂ ಸ್ಪೀಡಿಗೆ ರೋಣ ಮುಟ್ಟೂದ್ರಾಗ ನಿನ್ನ ಪಿಯುಸಿ ಮುಗದಿರ್ತೈತಿ ಬಿಡ ಅಕ್ಕಾ — ಇಬ್ಬರೂ ನಗುತ್ತಾರೆ, ಗುರುಸಂಗಪ್ಪನೂ ನಗುತ್ತಾನೆ, ಮಂಗ್ಯಾ, ನಿಮ್ಮವ್ವ ಹುಟ್ಟೂ ದಿನಾ ಅಂಥಾ ಮಳ್ಯಾಗ ನಿಮ್ಮ ಆಯಿನ್ನ ಕುಂದ್ರಿಸಿಕೊಂಡು ಗದಗತನಾ ಜೀಪ ಹೊಡದ ಕೈ ಇದು, ಎನ್ನುತ್ತಾನೆ, ಕೈ ಎತ್ತಿ ತೋರಿಸುತ್ತಾನೆ, ಕಾಲಿನ ಮಾತು ಎತ್ತುವುದಿಲ್ಲ.

ಗಾಡಿ ನಾನss ಹೊಡೀತೀನಿ ಅಂದವನು ತಾನೇ, ಯಾರೂ ಕೊರಳಿಗೆ ಕಟ್ಟಿದ್ದಲ್ಲ, ಮಗಳು ನಿರ್ಮಲಾ ಬಂದ ದಿನವೇ ಅಂದಿದ್ದಳು, ಅಪ್ಪಾ, ಸಾಜೀದಗ ಹೇಳೂಣು, ಅಂವ ಸಾವಕಾಶ ಹೊಡೀತಾನ, ಈ ವಯಸ್ಸಿನ್ಯಾಗ ನಿಮಗ್ಯಾಕ ತ್ರಾಸ — ಸಾಜೀದ ಬಸ್‌ ಸ್ಟ್ಯಾಂಡಿನ ಹತ್ತಿರದ ಬಾಡಿಗೆ ಡ್ರೈವರ್, ತಲೆ ಅರ್ಧ ನರೆತವನು, ಒಂದು ದಿನವೂ ಒಂದು ಕೋಳಿಗೂ ಗಾಡಿ ಹಾಯಿಸಿದವನಲ್ಲ — ಆಗ ಗುರುಸಂಗಪ್ಪ ಮೈಮೇಲೆ ದೇವರು ಬಂದವರ ಹಾಗೆ ಆಡಿದ್ದ, ನನ್ನ ಗಾಡ್ಯಾಗ ನಾ ಬಾಜೂಕ ಕುಂತು ತೂಕಡಸ್ಲ್ಯಾ? ಅದೂ ಅಲ್ಲದೆ ಕಾರಿನಲ್ಲಿ ಐದೇ ಸೀಟು, ಮನೆಯವರೇ ಐದು ಜನ, ಸಾಜೀದ ಬಂದರೆ ಒಬ್ಬರು ಇಳಿಯಬೇಕು, ಇಳಿಯುವುದು ಯಾರು, ನಾ ಒಲ್ಲೆ ಹೋಗ್ರಿ ಎಂದು ಗೌರವ್ವನೇ ಮೊದಲು ಸೆರಗು ಕೊಡವುತ್ತಾಳೆ, ಇಷ್ಟು ಹತ್ತಿರ ಇದ್ದೂ ಸೂಡಿಯ ಗಣಪನನ್ನು ಕಣ್ಣಿಂದ ನೋಡದವಳು, ಈಗ ನೋಡು, ಒಳಗೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದಾಳೆ, ಟಪ್ಪು ಟಪ್ಪು, ನಡುನಡುವೆ ಮಗಳಿಗೆ, ನಿರ್ಮಲಾ, ಆ ಇಲಕಲ್ಲ ಸೀರಿ ಉಡ್ಲ್ಯಾ, ಮೆಟ್ಟಲಾ ಇಳಿಯೂಮುಂದ ತೊಡರ್ತೈತೇನ — ಎಷ್ಟು ವರ್ಷದ ಮೇಲೆ ಅವಳ ದನಿ ಹೀಗೆ ಕೇಳಿದ್ದು, ಈಗ ಹೇಗೆ ಬಾಯಿ ಬಿಡುವುದು, ಏನಂತ ಬಿಡುವುದು, ನನ್ನ ಬಲಗಾಲು ನನ್ನ ಹತ್ತಿರ ಇಲ್ಲ ಅಂತಲೇ?

ಮೊದಲು ಹೋದದ್ದು ಚಪ್ಪಲಿ, ಶ್ರಾವಣದಲ್ಲಿ, ಪೇಟೆಯ ಕಾಳಿನ ಅಂಗಡಿಯಿಂದ ಮನೆಗೆ ಬಂದು ಕಾಲು ತೊಳೆಯಲು ನಿಂತರೆ ಒಂದೇ ಚಪ್ಪಲಿ, ಬಲಗಾಲು ಬರಿದು, ಪೇಟೆಯ ಕಲ್ಲು ಮುಳ್ಳು ಎಲ್ಲ ತುಳಿದು ಹಿಮ್ಮಡದಲ್ಲಿ ಗಾಜಿನ ಚೂರು ಕೂತಿದೆ, ರಕ್ತ ಕಟ್ಟೆಯ ತನಕ ಅಚ್ಚೊತ್ತಿದೆ, ಗುರುಸಂಗಪ್ಪನಿಗೆ ಗೊತ್ತಿಲ್ಲ — ನಾಯಿ ಒಯ್ದಿರಬೇಕು ಎಂದು ಹೇಳಿ ಮುಗಿಸಿದ, ಕಾಲಿನಲ್ಲಿದ್ದ ಚಪ್ಪಲಿ ನಾಯಿ ಹೇಗೆ ಒಯ್ಯುತ್ತದೆ ಎಂದು ಯಾರೂ ಕೇಳಲಿಲ್ಲ, ದೊಡ್ಡವರನ್ನು ಯಾರು ಕೇಳುತ್ತಾರೆ. ಆಮೇಲೆ ಹೆಸರುಕಾಳು. ನರಗುಂದದ ಪೇಟೆಯಲ್ಲಿ ಗುರುಸಂಗಪ್ಪನ ಕಾಲೆಂದರೆ ಕಾಲಲ್ಲ, ತೇವ ಅಳೆಯುವ ಮಾಪು, ರಾಶಿಗೆ ಕಾಲಿಡುವುದಿಲ್ಲ, ರಾಶಿ ಲಕ್ಷ್ಮಿ, ಆದರೆ ಬಿಸಿಲಿಗೆ ಹರವಿದ ಕಾಳಿನಲ್ಲಿ ಕಾಲಾಡಿಸಿ ಸಾಲು ಬಿಡಿಸುವುದು ಎಲ್ಲರೂ ಮಾಡುವ ಕೆಲಸ, ಅವನು ಬರಿಗಾಲನ್ನು ಬೆರಳು ಮುಳುಗುವಷ್ಟು ಇಳಿಸಿ ಒಂದು ಸಲ ಎಳೆದರೆ ಸಾಕು, ಇನ್ನss ಎರಡ ಬಿಸಲ ಬೇಕು ನೋಡ್ರಿ, ಮುಗಿಯಿತು, ತೇವ ನೋಡುವ ಮಷೀನು ಬಂದಾಗಲೂ ರೈತರು ಮಷೀನು ನೋಡಿ ಆಮೇಲೆ ಅವನ ಕಾಲು ನೋಡುತ್ತಿದ್ದರು. ಈ ಸಲ ಚಿಕ್ಕನರಗುಂದದ ಮೈಲಾರಪ್ಪನ ಕಾಳಿನಲ್ಲಿ ಕಾಲು ಎಳೆದ, ಏನೂ ತಿಳಿಯಲಿಲ್ಲ, ತಣ್ಣಗೂ ಇಲ್ಲ ಬೆಚ್ಚಗೂ ಇಲ್ಲ, ಹತ್ತಿಯ ಮೇಲೆ ಎಳೆದ ಹಾಗೆ, ಎಲ್ಲರೂ ಮುಖ ನೋಡುತ್ತಿದ್ದಾರೆ, ಒಣಗೈತಿ, ಚೀಲಾ ಕಟ್ರಿ ಎಂದುಬಿಟ್ಟ, ಚೀಲ ಹೊಲಿಯುವ ಯೂಸುಫ ಒಂದು ಹಿಡಿ ಕಾಳು ಮುಷ್ಟಿಯಲ್ಲಿ ಹಿಡಿದು, ಸಾವ್ಕಾರ್ರ, ಇನ್ನೊಂದ ಬಿಸಲ ಬೇಕಾಗ್ತೈತೇನ್ರಿ ಅಂದ, ಅವನಿಗೆ, ನನ್ನ ಕಾಲಿಗೆ ನೀ ಸಾಲಿ ಕಲಸ್ತೀಯೇನಲೇ? ಎಲ್ಲರೂ ನಕ್ಕರು. ಎರಡು ವಾರಕ್ಕೆ ಗೋದಾಮಿನ ಬಾಗಿಲು ತೆಗೆದರೆ ಬಿಸಿ ಹಬೆ, ಬೂಷ್ಟಿನ ನಾತ, ಕಾಳು ಒಂದಕ್ಕೊಂದು ಅಂಟಿ ಹೆಂಟೆಯಾಗಿವೆ, ಆಗಲೂ ಏನು ಮಾಡಿದ, ಮೈಲಾರಪ್ಪ ತಳಕ್ಕೆ ಹಸಿ ಕಾಳು ತುಂಬ್ಯಾನ ಎಂದು ಪೇಟೆಯಲ್ಲೆಲ್ಲ ಸಾರಿದ, ಆ ಮನುಷ್ಯ ಹನುಮಪ್ಪನ ಗುಡಿಯ ಮುಂದೆ ನಿಂತು, ನಿಮ್ಮ ಕಾಲss ಹೇಳೀತಲ್ರಿ ಯಪ್ಪಾ, ನಾ ಏನ ಮೋಸಾ ಮಾಡ್ಲಿ ಅಂದ, ಕಣ್ಣಲ್ಲಿ ನೀರು, ಯೂಸುಫ ಅಲ್ಲೇ ಇದ್ದ, ನೆಲ ನೋಡಿದ, ನೆಲವನ್ನಲ್ಲ, ಗುರುಸಂಗಪ್ಪನ ಬಲಗಾಲನ್ನು ನೋಡಿದ. ಅವನಿಗೆ ಗೊತ್ತು. ಅವನೊಬ್ಬನಿಗೆ ಗೊತ್ತು.

ಡಾಕ್ಟರಿಗೂ ಮೋಸ ಮಾಡದೆ ಬಿಡಲಿಲ್ಲವಲ್ಲ, ಸಕ್ಕರೆ ಕಾಯಿಲೆಯವರ ಕಾಲು ನೋಡುವ ಡಾಕ್ಟರು, ಪಾಪ, ಮೀನಿನ ಗಾಳದ ದಾರದಂಥ ಒಂದು ಎಳೆ ಹಿಡಿದು, ಕಣ್ಣ ಮುಚ್ರಿ ಯಜಮಾನ್ರ, ಮುಟ್ಟಿದ್ದು ತಿಳಿದಾಗೊಮ್ಮೆ ಹೂಂ ಅನ್ರಿ ಎಂದರೆ ಗುರುಸಂಗಪ್ಪ ಕಣ್ಣು ಪೂರ್ತಿ ಮುಚ್ಚಲಿಲ್ಲ, ದನದ ಸಂತೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ಎತ್ತಿನ ದರ ಮಾತಾಡಿದ ಮನುಷ್ಯ, ಎದುರಿನವನ ಭುಜ ಅಲುಗಿದರೆ ಬೆರಳು ಎತ್ತ ಹೊರಟಿದೆ ಎಂದು ತಿಳಿಯುತ್ತದೆ, ಡಾಕ್ಟರ ಭುಜ ಬಗ್ಗಿದಾಗೊಮ್ಮೆ ಹೂಂ, ಹೂಂ, ಹೂಂ, ಭಾಳ ಚಲೋ ಅದಾವ್ರಿ ಕಾಲು ಎಂದು ಬರೆದುಕೊಟ್ಟರು, ಗೆದ್ದವನ ಹಾಗೆ ಮೀಸೆ ತಿರುವಿಕೊಂಡು ಹೊರಬಂದ, ಯಾರ ಮೇಲೆ ಗೆದ್ದ, ಮೆಟ್ಟಿಲಿಳಿಯುವಾಗ ಕಂಬ ಹಿಡಿದೇ ಇಳಿದ. ಹೋದ ವಾರ ರೋಣದ ದಾರಿ, ಕುರಿಹಿಂಡು ಅಡ್ಡ ಬಂತು, ಬ್ರೇಕು ತುಳಿದ, ತುಳಿದೆ ಎಂದುಕೊಂಡ, ಕಾರು ಹೂಂಕರಿಸಿ ಮುಂದೆ ಹಾರಿತು, ಕೈಬ್ರೇಕು ಜಗ್ಗಿದ, ಟೈರು ಕಿರುಚಿತು, ಒಂದು ಮರಿ ಬಂಪರಿಗೆ ಮೂಗು ಹಚ್ಚಿ ನಿಂತಿತ್ತು, ಕುರಿ ಕಾಯುವ ಮುದುಕಿ ಎರಡೂ ಕೈಯಿಂದ ಮಣ್ಣು ಬಾಚಿ ಎರಚಿದಳು, ನಿನ್ನ ಕಾಲ ಸೇದ್ಲಿ — ಸೇದಿ ಹೋಗಿದೆಯವ್ವಾ, ಆಗಲೇ ಮರಗಟ್ಟಿ ಹೋಗಿದೆ. ಅದು ಬಯಲು ರಸ್ತೆ. ಗಜೇಂದ್ರಗಡದ್ದು ಬಯಲಲ್ಲ, ಒಂದು ಬದಿ ಬಂಡೆ, ಒಂದು ಬದಿ ಏನೂ ಇಲ್ಲ, ಹಿಂದಿನ ಸೀಟಿನಲ್ಲಿ ಮೂವರು, ಪಕ್ಕದಲ್ಲಿ ಗೌರವ್ವ ಇಳಕಲ್ ಸೀರೆಯಲ್ಲಿ, ಅಲ್ಲ ನೋಡ್ರಿ ಎಷ್ಟ ದೂರ ಕಾಣ್ತೈತಿ ಎನ್ನುತ್ತಾಳೆ, ತಿರುವು ಬರುತ್ತದೆ, ಕಾಲು — ಎಲ್ಲಿದೆ ಕಾಲು, ನೋಡಲು ಕೆಳಗೆ ಬಗ್ಗಿದರೆ ತಿರುವು ಹೋಯಿತು, ತಿರುವು ನೋಡಿದರೆ ಕಾಲು ಹೋಯಿತು, ಅನಿಲಕುಮಾರನ ನಗು ಇನ್ನೂ ಮುಗಿದಿರುವುದಿಲ್ಲ.

ಅಜ್ಜಾ, ಗಾಡಿ ಕೀಲಿ ಕೊಡ್ರಿ, ಚಾಪಿ ನೀರು ಎಲ್ಲಾ ಈಗss ಇಡ್ತೀವಿ, ಮುಂಜಾನಿ ಲಗೂ ಹೊಂಡಬೇಕು — ಕೀಲಿ ಕೊಟ್ಟರೂ ತಾನೇ ಎದ್ದು ಹೋದ, ಗೋಡೆ ಹಿಡಿದುಕೊಂಡು, ಸೀಟಿನಲ್ಲಿ ಕೂತ, ಡಿಕ್ಕಿ ತೆರೆದು ತಿರುಗಿ ಕೊಟ್ಟ ಕೀಲಿ ಸಿಕ್ಕಿಸಿದ, ಕಾರು ಯಾವಾಗಲೂ ನಿಲ್ಲುವ ಹಾಗೆ ಗೋದಾಮಿನ ಸುಣ್ಣದ ಗೋಡೆಗೆ ಬೆನ್ನು ಹಾಕಿ ನಿಂತಿದೆ, ಅಂಗಳ ಇಳಿಜಾರು, ಗಾಲಿಗೆ ಕಲ್ಲು ಕೊಡುವ ಬದಲು ರಿವರ್ಸ್ ಗೇರಿನಲ್ಲೇ ಬಿಡುತ್ತಾನೆ, ಇಂಜಿನ್ ಬಂದ್ ಆಗಿದೆ. ನಿರ್ಮಲಾ ಬಾಗಿಲಿನಿಂದ ಕೂಗುತ್ತಾಳೆ, ದೇವೀ, ಹಿಂದಿನ ಲೈಟ ಹತ್ತತಾವಿಲ್ಲೋ ನೋಡವಾ, ಗುಡ್ಡದ ದಾರಿ. ಡಿಕ್ಕಿ ಮುಚ್ಚಿ ದೇವಿಕಾ ಅಲ್ಲೇ ಗೋಡೆಗೊರಗಿ ನಿಂತಳು, ಬಿಳಿ ಕುರ್ತಾ, ಸಂಜೆ ಕಂದುತ್ತಿದೆ, ಅಜ್ಜಾ, ಬ್ರೇಕ್ ಒತ್ರಿ. ಒತ್ತಿದ. ಒತ್ರೀ ಅಜ್ಜಾ. ಒತ್ತೇನಿ. ಇಲ್ಲರೀ, ಹತ್ತವಲ್ವು. ಒತ್ತೇನಿ ಅಂದ್ನೆಲ್ಲ ನಿನಗ! ತೊಡೆಯ ತನಕ ಬಲ ಹಾಕಿದ್ದಾನೆ, ಕನ್ನಡಿಯಲ್ಲಿ ಅವಳ ಕುರ್ತಾ ಕೆಂಪಗಾಗಬೇಕು, ಬ್ರೇಕಿನ ದೀಪ ಬಿದ್ದರೆ ಬಿಳಿ ಬಟ್ಟೆ ಕೆಂಪಗೆ ಕಾಣಲೇಬೇಕು, ಬೆಳ್ಳಗೇ ಇದೆ. ಬಲ್ಬ ಸುಟ್ಟಿರಬೇಕ ಬಿಡ ಅಕ್ಕಾ, ಅನಿಲಕುಮಾರ ಅಂದ, ಹೌದಪಾ, ಬಲ್ಬss ಸುಟ್ಟೈತಿ — ಮಾತು ನಾಲಿಗೆಯ ತುದಿಗೆ ಬಂದು ಕೂತಿತು, ಎಷ್ಟು ಸಲೀಸು, ನಾಯಿ ಒಯ್ದ ಚಪ್ಪಲಿಯಷ್ಟು, ಮೈಲಾರಪ್ಪನ ಹಸಿ ಕಾಳಿನಷ್ಟು ಸಲೀಸು. ಬಗ್ಗಿ ನೋಡಿದ. ಬಲಗಾಲು ಬ್ರೇಕಿನ ಮೇಲಿಲ್ಲ, ಅದರಾಚೆ, ಎಕ್ಸಲರೇಟರಿನ ಮೇಲೆ, ತಳ ಮುಟ್ಟುವ ಹಾಗೆ ಒತ್ತಿ ಹಿಡಿದಿದೆ, ಗೇರು ರಿವರ್ಸಿನಲ್ಲಿದೆ, ಕೀಲಿ ತೂಗುತ್ತಿದೆ, ಬಲಗೈಯ ಎರಡು ಬೆರಳು ಕೀಲಿಯ ಮೇಲೇ ಇವೆ, ತಿರುವಬೇಕೆಂದೇ ಇಟ್ಟಿದ್ದ, ಚಾಲೂ ಮಾಡಿದರೆ ದೀಪ ಹತ್ತಬಹುದು ಎಂದು, ತಿರುವಿದ್ದರೆ ಗಾಡಿ ಹಿಂದಕ್ಕೆ ಹಾರಿ ಗೋಡೆಗೆ — ಕೀಲಿ ಕಿತ್ತ, ಕಿತ್ತು ಕಿಟಕಿಯಿಂದ ಹೊರಗೆ ಎಸೆದ, ಅಂಗಳದ ಕಲ್ಲಿಗೆ ಟಣ್ಣೆಂದಿತು. ಬಲ್ಬಿಗೆ ಏನೂ ಆಗಿಲ್ಲವ್ವಾ, ಎಂದ, ದನಿ ತನ್ನದಲ್ಲದ ಹಾಗೆ ಕೇಳಿತು, ನಿಮ್ಮವ್ವಗ ಹೇಳು, ಸಾಜೀದಗ ಫೋನ್ ಹಚ್ಚಲಿ, ನಾ ಮನ್ಯಾಗ ಇರ್ತೀನಿ, ನಿಮ್ಮ ಆಯಿನ್ನ ಬಿಟ್ಟ ಹೋಗಬ್ಯಾಡ್ರಿ, ಸೂಡಿ ತೋರಸ್ರಿ ಆಕಿಗೆ — ಯಾಕಜ್ಜಾ, ಏನಾತು, ದೇವಿಕಾ ಕೇಳುತ್ತಾಳೆ, ಸರಿಯುವುದಿಲ್ಲ, ಸರಿಯವ್ವಾ ಅಲ್ಲಿಂದ ಎನ್ನಬೇಕು, ಕಣ್ಣು ಕನ್ನಡಿ ಬಿಡುತ್ತಿಲ್ಲ, ಕನ್ನಡಿಯಲ್ಲಿ ಗೋಡೆ, ಗೋಡೆಗೂ ಕಾರಿಗೂ ನಡುವೆ ಒಂದು ಮೊಳ ಜಾಗ, ಆ ಒಂದು ಮೊಳದಲ್ಲಿ ಬಿಳಿ ಕುರ್ತಾ, ಬೆಳ್ಳಗೆ, ಇನ್ನೂ ಬೆಳ್ಳಗೆ, ಬಿಳಿ ಕುರ್ತಾ