ರುದ್ರಾಣಿಯ ಕಿಟಕಿಗೆ ನೆಟ್ ಪರದೆ

ತಂಗಿ ರುದ್ರಾಣಿಗೆ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿದ ಮೇಲೆ ಅವಳನ್ನು ಬಣಕಲ್‌ನ ನನ್ನ ಮನೆಗೆ ಕರೆತಂದೆ. ಗಾಳಿ ಬೆಳಕು ಇರಲೆಂದು ಮುಂದಿನ ಕೋಣೆಯಲ್ಲೇ ಮಂಚ ಹಾಕಿಸಿದೆ. ಕಿಟಕಿಗೆ ಎದುರಾಗಿಯೇ ಬಸ್ ಸ್ಟಾಪು. ಮೂವತ್ತು ವರ್ಷ ಇಲ್ಲಿನ ಮಕ್ಕಳಿಗೆ ಪಾಠ ಹೇಳಿದವಳು ಅವಳು; ಬಸ್ಸಿಗೆ ಕಾಯುವವರಲ್ಲಿ ಅರ್ಧ ಜನ ಅವಳ ಶಿಷ್ಯರೇ.

"ಈ ಸ್ಥಿತೀಲಿ ನನ್ನನ್ನ ಯಾರೂ ನೋಡ್ಬಾರ್ದಕ್ಕ," ಎಂದಳು. ಕಿಟಕಿ ಬಾಗಿಲು ಹಾಕಿದರೆ ಉಸಿರು ಕಟ್ಟುತ್ತದೆಂದು ಅಳುತ್ತಾಳೆ.

ಮೂಡಿಗೆರೆಯ ಪರದೆ ಅಂಗಡಿಯ ಮಲ್ಲಿಕಾರ್ಜುನ ನನ್ನನ್ನು ಕೂರಿಸಿ, ನೀರು ಕೊಟ್ಟು, ಒಂದೊಂದೇ ಬಿಚ್ಚಿ ತೋರಿಸಿದ. ರಿಂಗ್ ಹಾಕಿದ್ದು, ನೆರಿಗೆ ಹೊಲಿದದ್ದು, ದಾರ ಎಳೆದರೆ ಮಡಚಿಕೊಂಡು ಮೇಲೇರುವುದು, ಬಿಸಿಲನ್ನೇ ಒಳಗೆ ಬಿಡದ ದಪ್ಪದ್ದು. ನನಗೆ ಒಂದೂ ತಲೆಗೆ ಹತ್ತಲಿಲ್ಲ.

"ಮಲಗಿದವ್ರ ರೂಮಿಗಾ ಅಮ್ಮ?" ಎಂದು ಮೆಲ್ಲಗೆ ಕೇಳಿ, ಬಿಳಿ ನೆಟ್ ಬಟ್ಟೆಯನ್ನು ಅಂಗಡಿ ಬಾಗಿಲಿಗೆ ಇಳಿಬಿಟ್ಟು ಅದರ ಹಿಂದೆ ನಿಂತ. "ರಸ್ತೆಗೆ ಹೋಗಿ ನೋಡಿ, ನಾನು ಕಾಣ್ತೀನಾ?"

"ಇಲ್ಲ ಮಾರಾಯ, ನಿನ್ನ ಹೊಟ್ಟೆನೂ ಕಾಣ್ತಿಲ್ಲ!"

ಅವನು ನಕ್ಕ. "ಇನ್ನೊಂದು ರಾಡ್ ಹಾಕ್ಸಿ ದಪ್ಪದ್ದೂ ಬಿಡಿ ಅಮ್ಮ. ಸಂಜೆಗೆ..."

"ದೀಪ ಹಚ್ಚೋ ಹೊತ್ತಿಗೆ ಮುಂದಿನ ಕಿಟಕಿ ಮುಚ್ಚೋದುಂಟಾ? ಲಕ್ಷ್ಮಿ ಬರೋ ಹೊತ್ತು. ಬೇಡ," ಎಂದು ಅವನ ಮಾತು ಅರ್ಧಕ್ಕೇ ತಡೆದೆ.

ಪರದೆ ಹಾಕಿದ ದಿನ ರುದ್ರಾಣಿ ಮಧ್ಯಾಹ್ನವಿಡೀ ಹೊರಗೆ ನೋಡಿದಳು. "ಅಗೋ ಯಶವಂತ! ಮಗ್ಗಿ ಬಾರದವ. ತಲೇಲಿ ಒಂದು ಕೂದ್ಲೂ ಉಳ್ಸಿಕೊಂಡಿಲ್ಲ," ಎಂದು ಸೊಟ್ಟಗಾದ ಬಾಯಲ್ಲೇ ನಕ್ಕಳು. ಆ ನಗು ಕೇಳಿ ಎರಡು ತಿಂಗಳಾಗಿತ್ತು.

ಸಂಜೆ ದೇವರಿಗೆ ದೀಪ ಹಚ್ಚಿ, ಕೋಣೆಯ ಲೈಟ್ ಹಾಕಿ, ಅವಳ ಒದ್ದೆ ಬಟ್ಟೆ ಬದಲಿಸತೊಡಗಿದೆ. ಅವಳನ್ನು ಮಗ್ಗುಲಿಗೆ ಹೊರಳಿಸಿ ತಲೆಯೆತ್ತಿದಾಗ, ಪರದೆಯಾಚೆ ಬೀದಿದೀಪದ ಕೆಳಗೆ ಏಳೆಂಟು ಜನ ಮಸುಕಾಗಿ ಕಂಡರು. ಎಲ್ಲರೂ ನಮಗೆ ಬೆನ್ನು ಮಾಡಿ ನಿಂತಿದ್ದರು. ಬಸ್ಸು ಬರುವ ದಿಕ್ಕು ಅದಲ್ಲ. ಒಬ್ಬ ಹೆಂಗಸು, ಮಳೆ ಇಲ್ಲದಿದ್ದರೂ, ಕೊಡೆ ಬಿಚ್ಚಿ ನಮ್ಮ ಕಿಟಕಿಗೆ ಅಡ್ಡ ಹಿಡಿದಿದ್ದಳು.

ಹೊರಗೆ ಕತ್ತಲಾಗಿ ಒಳಗೆ ಬೆಳಕಿದ್ದರೆ ನೆಟ್ ಏನನ್ನೂ ಮರೆಮಾಡದೆಂದು ಆಗ ಹೊಳೆಯಿತು. ಲೈಟ್ ಆರಿಸೋಣವೆಂದರೆ ರುದ್ರಾಣಿಯ ಭಾರವೆಲ್ಲ ನನ್ನ ತೋಳಿನ ಮೇಲಿತ್ತು. ಬಿಟ್ಟರೆ ಮಂಚದಿಂದ ಉರುಳುತ್ತಾಳೆ.

ಅವಳೂ ಆ ಬೆನ್ನುಗಳನ್ನು ನೋಡಿದಳು.

"ಅವ್ರೆಲ್ಲ ಯಾಕಕ್ಕ ಆ ಕಡೆ ತಿರುಗಿದಾರೆ?"

ಬಿಡುವಾಗಿದ್ದ ಒಂದೇ ಕೈಯಿಂದ ನನ್ನ ಸೆರಗನ್ನು ಅವಳ ಮೇಲೆ ಎಳೆದೆ. ಅದು ಅರ್ಧಕ್ಕೂ ಸಾಲಲಿಲ್ಲ.